ಆಚೆ ಬಾ ಅಂತ ಕರೆದರೆ ಹೋಗಬೇಡಿ

ಹೋದ ತಿಂಗಳು ಇದೇ ಪುಟದಲ್ಲಿ ಒಬ್ಬರಿಗೆ ಉತ್ತರ ಬರೆಯುತ್ತಾ, ದೊಡ್ಡ ಲೆನ್ಸನ್ನು ಆನ್‌ಲೈನ್ ಹರಾಜಿನಲ್ಲಿ ಕೊಳ್ಳುವವರು ಸ್ವಲ್ಪ ನಿಧಾನಿಸಿ ಎಂದು ಎರಡು ಸಾಲು ಸೇರಿಸಿದ್ದೆ. ಅಷ್ಟಕ್ಕೇ ಕಾಗದಗಳ ರಾಶಿ ಬಿದ್ದಿದೆ. ಟ್ರೈಪಾಡ್, ಫ್ಲ್ಯಾಶ್ ಬಗ್ಗೆ ಕೇಳಿದವರು ಮುಂದಿನ ತಿಂಗಳವರೆಗೆ ಕಾಯಬೇಕು, ಈ ಸಲ ಪೂರ್ತಿ ಹರಾಜಿನದೇ ಮಾತು. ನಾನು ಕ್ಯಾಮೆರಾ ಬಿಚ್ಚಿ ಜೋಡಿಸುವವನು. ಪೊಲೀಸನಲ್ಲ, ವಕೀಲನೂ ಅಲ್ಲ. ನನ್ನ ಬೆಂಚಿನ ಮೇಲೆ ಬಂದು ಕೂತ ಮೋಸಗಳನ್ನು ನೋಡಿ, ಒಂದು ಸಲ ನಾನೇ ಹೊಂಡಕ್ಕೆ ಬಿದ್ದು ಕಲಿತದ್ದನ್ನು ಹೇಳುತ್ತೇನೆ, ಅಷ್ಟೆ.

ಪ್ರಶ್ನೆ: 500 ಎಂಎಂ ಎಫ್ 4 ಲೆನ್ಸೊಂದು ಹರಾಜಿಗೆ ಬಂದಿದೆ. ಬೇರೆಯವರು ಕೇಳುವ ಬೆಲೆಯ ಅರ್ಧಕ್ಕೂ ಕಡಿಮೆ. ಮಾರುವವರಿಗೆ 340 ಫೀಡ್‌ಬ್ಯಾಕ್ (ಹಿಂದೆ ವ್ಯವಹಾರ ಮಾಡಿದವರು ಬರೆದ ಅಭಿಪ್ರಾಯ) ಇದೆ, ಎಲ್ಲವೂ ಒಳ್ಳೆಯವೇ. ‘ಬಿಡ್ ಮಾಡುವ ಮೊದಲು ನನಗೆ ಬರೆಯಿರಿ’ ಎಂದು ಫೋಟೊ ಒಳಗೇ ಮೇಲ್ ವಿಳಾಸ ಹಾಕಿದ್ದಾರೆ. ಬರೆದೆ. ತಾನು ಕೆಲಸದ ಮೇಲೆ ಬೇರೆ ದೇಶದಲ್ಲಿದ್ದೇನೆ, ಲೆನ್ಸು ಒಂದು ಶಿಪ್ಪಿಂಗ್ ಕಂಪನಿಯ ಗೋದಾಮಿನಲ್ಲಿದೆ, ಹಣವನ್ನು ನೇರ ನನಗೆ ಕೊಡಬೇಡಿ, ಎಸ್ಕ್ರೋ ಕಂಪನಿಗೆ ಹಾಕಿ, ನೀವು ಲೆನ್ಸು ನೋಡಿ ಒಪ್ಪಿದ ಮೇಲೇ ಅವರು ನನಗೆ ಕೊಡುತ್ತಾರೆ ಅಂತಾರೆ. ಇದಕ್ಕಿಂತ ಸೇಫ್ ಇನ್ನೇನಿದೆ ಸಾರ್?
– ಹಕ್ಕಿಗಳ ಹಿಂದೆ ಬಿದ್ದವನು

ಉತ್ತರ: ಹಾಕಬೇಡಿ. ಇದನ್ನು ಓದುವ ಹೊತ್ತಿಗೆ ಹಾಕಿಬಿಟ್ಟಿದ್ದರೆ ಪತ್ರಿಕೆ ಪಕ್ಕಕ್ಕಿಟ್ಟು ಈಗಲೇ ಬ್ಯಾಂಕಿಗೆ ಫೋನ್ ಮಾಡಿ. ಉಳಿದದ್ದನ್ನು ಆಮೇಲೆ ಓದಿದರಾಯಿತು.

ಮೊದಲು ಆ 340ರ ವಿಷಯ. ಎಷ್ಟು ಅಂತ ನೋಡಬೇಡಿ, ಯಾವುದಕ್ಕೆ ಬಂದವು ಅಂತ ನೋಡಿ. ನಿಮ್ಮ ಕಾಗದ ಓದಿ ನಾನೂ ಆ ಪುಟ ತೆರೆದೆ. ಕಸೂತಿ ಮಾದರಿಗಳು, ಹಳೆಯ ಗುಂಡಿಗಳು, ಮಕ್ಕಳ ಬಟ್ಟೆ. ಕೊನೆಯ ಮಾರಾಟ ಎರಡು ವರ್ಷದ ಹಿಂದಿನದು. ಆಮೇಲೆ ಒಂದೂ ಇಲ್ಲ. ಈಗ ಇದ್ದಕ್ಕಿದ್ದಂತೆ ಒಂದೇ ದಿನ ನಾಲ್ಕು ದೊಡ್ಡ ಲೆನ್ಸು, ಒಂದೇ ದಿನದ ಹರಾಜು, ಬಿಡ್ ಮಾಡಿದವರು ಯಾರೆಂದು ಕಾಣದ ಹಾಗೆ ಮುಚ್ಚಿಟ್ಟಿದ್ದಾರೆ. ಗುಂಡಿ ಮಾರುತ್ತಿದ್ದ ಆ ತಾಯಿ ನಿಜವಾದ ಮನುಷ್ಯರೇ, ಒಳ್ಳೆಯವರೇ. ಆದರೆ ಅವರ ಪಾಸ್‌ವರ್ಡ್ ಯಾರೋ ಕದ್ದಿದ್ದಾರೆ. ನೀವು ಅವರ ಒಳ್ಳೆಯತನ ನೋಡಿ ಕಳ್ಳನಿಗೆ ದುಡ್ಡು ಕೊಡಲು ಹೊರಟಿದ್ದೀರಿ. ಒಂದೇ ದಿನದ ಹರಾಜು ಯಾಕೆ ಗೊತ್ತಾ? ಆ ತಾಯಿ ನೋಡಿ ದೂರು ಕೊಡುವುದರೊಳಗೆ ಕೆಲಸ ಮುಗಿಯಬೇಕಲ್ಲ. ಫೋಟೊ ಒಳಗೆ ಮೇಲ್ ವಿಳಾಸ ಬರೆದದ್ದೂ ಅದಕ್ಕೇ. ವಿವರಣೆಯಲ್ಲಿ ಟೈಪ್ ಮಾಡಿದರೆ ಸೈಟಿನ ಕಂಪ್ಯೂಟರ್ ಸುಲಭವಾಗಿ ಹಿಡಿದುಬಿಡುತ್ತೆ.

ಇನ್ನು ಎಸ್ಕ್ರೋ. ವ್ಯವಸ್ಥೆ ಒಳ್ಳೆಯದೇ. ಕೊಳ್ಳುವವನ ಹಣ ಮೂರನೆಯವನ ಕೈಲಿರುತ್ತೆ, ಸಾಮಾನು ಬಂದು ಒಪ್ಪಿಗೆಯಾದ ಮೇಲೆ ಮಾರಿದವನಿಗೆ ಹೋಗುತ್ತೆ. ಆದರೆ ಮಧ್ಯಸ್ಥನನ್ನು ಕಳ್ಳನೇ ಕರೆತಂದರೆ ಅವನು ಮಧ್ಯಸ್ಥ ಹೇಗಾದಾನು?

ಇದನ್ನು ನಾನು ಬಾಯಿಪಾಠ ಒಪ್ಪಿಸುತ್ತಿಲ್ಲ. 2005ರಲ್ಲಿ ನನಗೊಂದು 300 ಎಂಎಂ ಎಫ್ 2.8 ಬೇಕಿತ್ತು. ಬೇರೆಯವರ ಅಂಥ ಲೆನ್ಸುಗಳನ್ನು ರಿಪೇರಿ ಮಾಡಿ ಮಾಡಿ ಹುಚ್ಚು ಹಿಡಿದಿತ್ತು. ಸಿಕ್ಕಿತು. ಮಾರುವವನು ತುಂಬಾ ಮರ್ಯಾದೆಯ ಮನುಷ್ಯ. ‘ನಿಮಗೆ ನನ್ನ ಪರಿಚಯ ಇಲ್ಲ, ನಂಬಬೇಡಿ’ ಅಂತ ಅವನೇ ಬರೆದ! ಅದನ್ನು ಓದಿದ ಮೇಲೆ ನನಗೆ ಅವನ ಮೇಲೆ ಪೂರ್ತಿ ನಂಬಿಕೆ ಬಂತು. ಅವನು ಹೇಳಿದ ಎಸ್ಕ್ರೋ ಪುಟ ಅಂದವಾಗಿತ್ತು. ಬೀಗದ ಗುರುತು, ಕೈ ಕುಲುಕುವ ಚಿತ್ರ, ಮೂಲೆಯಲ್ಲಿ ಒಂದು ಹಸಿರು ಪಟ್ಟಿ. ಬ್ಯಾಂಕಿನಿಂದ ಹಣ ಕಳಿಸಿದೆ. ಹಸಿರು ಪಟ್ಟಿ ಕಾಲುಭಾಗ ತುಂಬಿತು. ಮಾರನೆಯ ದಿನ ಅರ್ಧ. ರಾತ್ರಿ ಎದ್ದು ಎದ್ದು ಆ ಪಟ್ಟಿ ನೋಡುತ್ತಿದ್ದೆ. ಮುಕ್ಕಾಲಿಗೆ ಬಂದು ನಿಂತಿತು. ಐದನೆಯ ದಿನ ಪುಟವೇ ಇಲ್ಲ. ಆಮೇಲೆ ಗೆಳೆಯನೊಬ್ಬ ಆ ಹೆಸರು ಯಾವಾಗ ನೋಂದಣಿಯಾಯಿತು ಅಂತ ಹುಡುಕಿ ತೋರಿಸಿದ. ನಾನು ಹಣ ಕಳಿಸುವ ಒಂಬತ್ತು ದಿನ ಮೊದಲು. ‘ಹತ್ತು ವರ್ಷದ ಅನುಭವ’ ಅಂತ ಅದರ ಮೇಲೆ ಬರೆದಿತ್ತು.

ಆ ಹುಡುಕಾಟ ಎರಡು ನಿಮಿಷದ್ದು. ‘ಹೂಈಸ್’ ಅನ್ನುವ ಹುಡುಕಾಟದಲ್ಲಿ ಸೈಟಿನ ಹೆಸರು ಹಾಕಿದರೆ ಅದು ಹುಟ್ಟಿದ ತಾರೀಖು ಬರುತ್ತೆ. ವಿಳಾಸ ಓದುವುದಕ್ಕೂ ಒಂದು ಕ್ರಮ ಇದೆ. ಎಡದಿಂದ ಓದಬೇಡಿ, ಮೊದಲ ಒಂಟಿ ಓರೆಗೆರೆ (/) ಎಲ್ಲಿದೆ ನೋಡಿ, ಅಲ್ಲಿಂದ ಹಿಂದಕ್ಕೆ ಓದಿ. ಅದರ ಪಕ್ಕದಲ್ಲೇ ಇರುವುದು ನಿಜವಾದ ಯಜಮಾನನ ಹೆಸರು. ಎಡಗಡೆ ಎಷ್ಟು ದೊಡ್ಡ ಕಂಪನಿಯ ಹೆಸರನ್ನಾದರೂ ಅಂಟಿಸಬಹುದು. ಬೀಗದ ಗುರುತು ಹೇಳುವುದು ಇಷ್ಟೇ: ನೀವು ಕಳಿಸುವ ಮಾಹಿತಿಯನ್ನು ದಾರಿಯಲ್ಲಿ ಯಾರೂ ಓದಲಾರರು. ಆ ತುದಿಯಲ್ಲಿ ಕೂತವನು ಸಾಚಾ ಅಂತ ಅದು ಹೇಳುವುದಿಲ್ಲ. ಕಳ್ಳನೂ ತನ್ನ ಮನೆಗೆ ಬೀಗ ಹಾಕುತ್ತಾನೆ ಅಲ್ವಾ?

ಇಷ್ಟೆಲ್ಲಾ ನೆನಪಿರದಿದ್ದರೂ ಒಂದು ನೆನಪಿಡಿ. ಹರಾಜಿನ ಸೈಟಿನಿಂದ ಆಚೆ ಮಾತಾಡೋಣ, ಆಚೆ ದುಡ್ಡು ಕೊಡಿ ಅಂದವನ ಜೊತೆ ಅಲ್ಲಿಗೇ ಮಾತು ನಿಲ್ಲಿಸಿ. ಲೆನ್ಸು ಎಷ್ಟೇ ಚೆನ್ನಾಗಿರಲಿ, ಕಾರಣ ಎಷ್ಟೇ ಸರಿಯಾಗಿ ಕೇಳಲಿ. ಸೈಟು ಕೊಡುವ ರಕ್ಷಣೆ ಸೈಟಿನೊಳಗೆ ನಡೆದ ವ್ಯವಹಾರಕ್ಕೆ ಮಾತ್ರ. ಬ್ಯಾಂಕಿನಿಂದ ನೇರ ಕಳಿಸಿದ ಹಣ, ಕೌಂಟರಿನಲ್ಲಿ ಕಟ್ಟಿ ಇನ್ನೊಂದು ದೇಶದ ಕೌಂಟರಿನಲ್ಲಿ ಎತ್ತುವ ಹಣ, ಇವು ಒಮ್ಮೆ ಹೋದರೆ ವಾಪಸ್ ತರುವುದು ಬಹಳ ಕಷ್ಟ. 2017ರಲ್ಲಿ, ಹೀಗೆ ಕೌಂಟರಿನಿಂದ ಕೌಂಟರಿಗೆ ಹಣ ಸಾಗಿಸುವ ವೆಸ್ಟರ್ನ್ ಯೂನಿಯನ್ ಕಂಪನಿ ಅಮೆರಿಕ ಸರ್ಕಾರಕ್ಕೆ 58.6 ಕೋಟಿ ಡಾಲರ್ ಕೊಡಲು ಒಪ್ಪಿಕೊಂಡಿತು. ವಂಚಕರು ಅದರ ಏಜೆಂಟರ ಮೂಲಕ ಹಣ ಎತ್ತುತ್ತಿದ್ದುದನ್ನು ತಡೆಯಲಿಲ್ಲ ಅನ್ನುವುದಕ್ಕೆ. ಆ ಹಣದಿಂದ ಮೋಸ ಹೋದವರಿಗೆ ಆಮೇಲೆ ಪರಿಹಾರ ಸಿಕ್ಕಿತು. ಆದರೆ ಅದು ವರ್ಷಗಟ್ಟಲೆ ಕಾದವರ ಕಥೆ. ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟರೆ ಕನಿಷ್ಠ ತಕರಾರು ಎತ್ತಿ ವಾಪಸ್ ಕೇಳುವ ದಾರಿಯಾದರೂ ಇರುತ್ತೆ.

ಒಂದು ಮಾತು ಬಿಟ್ಟುಹೋಯಿತು. ‘ಅರ್ಧ ಬೆಲೆ’ ಹಾಕುವವನು ಇನ್ನೂ ಹೊಸಬ. ಪಳಗಿದವನು ಒಂದು ಹದಿನೈದು ಪರ್ಸೆಂಟ್ ಮಾತ್ರ ಕಡಿಮೆ ಮಾಡುತ್ತಾನೆ. ಅನುಮಾನ ಬರಬಾರದು, ಆಸೆ ಬರಬೇಕು, ಅಷ್ಟು.

ಪ್ರಶ್ನೆ: ಮಾರುವವರು ಆನ್‌ಲೈನಿನಲ್ಲಿ ಹಣ ಕಳಿಸುವ ಪೇಪಾಲ್‌ನಲ್ಲೇ ತೆಗೆದುಕೊಳ್ಳುತ್ತಾರಂತೆ. ಆದರೆ ‘ಫ್ರೆಂಡ್ಸ್ ಆಂಡ್ ಫ್ಯಾಮಿಲಿ’ ಅಂತ ಹಾಕಿ, ಕಮಿಷನ್ ಉಳಿಯುತ್ತೆ ಅಂತಾರೆ. ಪೇಪಾಲ್ ಅಂದಮೇಲೆ ಭಯ ಇಲ್ಲ ತಾನೇ?

ಉತ್ತರ: ಅವರು ನಿಮ್ಮ ಸ್ನೇಹಿತರಾ? ನಿಮ್ಮ ಮನೆಯವರಾ? ಹಾಗಿದ್ದರೆ ಹಾಕಿ. ಆ ದಾರಿಯಲ್ಲಿ ಕಳಿಸಿದ ಹಣಕ್ಕೆ ಪೇಪಾಲಿನ ಕೊಳ್ಳುವವರ ರಕ್ಷಣೆ ಇಲ್ಲ, ಉಡುಗೊರೆ ಕೊಟ್ಟ ಹಾಗೆ ಲೆಕ್ಕ. ಸಾಮಾನು ಕೊಂಡದ್ದು ಅಂತಲೇ ಹಾಕಿ. ಕಮಿಷನ್ ನಾನೇ ಕೊಡುತ್ತೇನೆ ಅಂತ ಹೇಳಿ ನೋಡಿ. ಸಾಚಾ ಮನುಷ್ಯ ಸರಿ ಅಂತಾನೆ. ಇನ್ನೊಬ್ಬ ಹೊಸ ನೆಪ ಹುಡುಕುತ್ತಾನೆ.

ಪ್ರಶ್ನೆ: 70-200 ಲೆನ್ಸಿನ ಹರಾಜಿನಲ್ಲಿ ಸ್ವಲ್ಪದರಲ್ಲಿ ಸೋತೆ. ಬೆಳಿಗ್ಗೆ ಎದ್ದರೆ ಮೇಲ್ ಬಂದಿದೆ. ಗೆದ್ದವರು ಹಿಂದೆ ಸರಿದರಂತೆ, ‘ಸೆಕೆಂಡ್ ಚಾನ್ಸ್’ ನನಗಂತೆ. ನಾನು ಕೊಡಲು ಒಪ್ಪಿದ್ದ ಕೊನೆಯ ಬೆಲೆಗೇ ಕೊಡುತ್ತಾರಂತೆ. ಅದೃಷ್ಟ ಅಂದುಕೊಳ್ಳಲಾ?

ಉತ್ತರ: ಈಬೇ ಹರಾಜು ಸೈಟಿನಲ್ಲಿ ಸೆಕೆಂಡ್ ಚಾನ್ಸ್ ಅನ್ನುವ ಏರ್ಪಾಡು ನಿಜವಾಗಿಯೂ ಇದೆ. ಅದಕ್ಕೇ ಸುಳ್ಳು ಮೇಲ್ ಇಷ್ಟು ಚೆನ್ನಾಗಿ ಕೆಲಸ ಮಾಡುತ್ತೆ. ಮೇಲ್‌ನಲ್ಲಿರುವ ಲಿಂಕ್ ಒತ್ತಲೇಬೇಡಿ. ಬ್ರೌಸರ್‌ನಲ್ಲಿ ನೀವೇ ವಿಳಾಸ ಟೈಪ್ ಮಾಡಿ, ಲಾಗಿನ್ ಆಗಿ, ನಿಮ್ಮ ಖಾತೆಯ ಸಂದೇಶಗಳಲ್ಲಿ ಅದೇ ಆಫರ್ ಇದೆಯಾ ನೋಡಿ. ಅಲ್ಲಿ ಇಲ್ಲದಿದ್ದರೆ ಅದು ಸುಳ್ಳು, ಮುಗೀತು.

ಅಲ್ಲಿ ಇದ್ದರೂ ನಾನಾದರೆ ಒಂದು ಗಳಿಗೆ ಯೋಚಿಸುತ್ತೇನೆ. ನೀವು ನಿಮ್ಮ ಗರಿಷ್ಠ ಬೆಲೆ ಹಾಕಿಟ್ಟರೆ, ಎದುರಿನವನು ಏರಿಸಿದಷ್ಟೂ ಸೈಟು ನಿಮ್ಮ ಪರವಾಗಿ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋಗುತ್ತೆ. ನಿಮ್ಮ ಮಿತಿ ಎಷ್ಟು ಅಂತ ಯಾರಿಗೂ ಕಾಣುವುದಿಲ್ಲ. ಈಗ ಮಾರುವವನ ಗೆಳೆಯನೊಬ್ಬ ಸುಮ್ನೆ ಏರಿಸುತ್ತಾ ಬಂದ ಅನ್ನಿ. ನಿಮ್ಮ ಮಿತಿ ದಾಟಿದ ಕೂಡಲೇ ನಿಮ್ಮ ಜೇಬಿನಲ್ಲಿ ಎಷ್ಟಿತ್ತು ಅಂತ ಅವರಿಗೆ ಗೊತ್ತಾಯಿತು. ಗೆಳೆಯ ‘ಬೇಡ’ ಅಂತ ಸರಿಯುತ್ತಾನೆ. ಅದೇ ಬೆಲೆಗೆ ನಿಮಗೆ ಆಫರ್ ಬರುತ್ತೆ. ಎಲ್ಲ ಸೆಕೆಂಡ್ ಚಾನ್ಸೂ ಹೀಗೇ ಅಂತ ಹೇಳುತ್ತಿಲ್ಲ. ಸೋತವರಿಗೆ ಗೆದ್ದೆ ಅನ್ನಿಸುವ ಹೊತ್ತಿನಲ್ಲಿ ತಲೆ ಓಡುವುದಿಲ್ಲ, ಅಷ್ಟೇ ಹೇಳುತ್ತಿದ್ದೇನೆ. ‘ಮತ್ತೆ ಹರಾಜಿಗೆ ಹಾಕಿ, ಬರುತ್ತೇನೆ’ ಅನ್ನಿ. ಈ ಸಲ ಕೊನೆಯ ಹತ್ತು ಸೆಕೆಂಡಿನಲ್ಲಿ ನಿಮ್ಮ ಬೆಲೆ ಒಂದೇ ಸಲ ಹಾಕಿ. ನಿಮ್ಮನ್ನು ಕೆಣಕಿ ನೋಡಲು ಅವರಿಗೆ ಸಮಯ ಸಿಗಬಾರದು.

ಪ್ರಶ್ನೆ: ಸೆಕೆಂಡ್‌ಹ್ಯಾಂಡ್ ನಿಕಾನ್ ಡಿ850 ಕ್ಯಾಮೆರಾ ನೋಡಿದ್ದೇನೆ. ‘ಮೂರು ಸಾವಿರ ಕ್ಲಿಕ್ ಮಾತ್ರ’ ಅಂತ ಬರೆದಿದ್ದಾರೆ. ಫೋಟೊಗಳು ಕಂಪನಿಯ ಜಾಹೀರಾತಿನ ಹಾಗಿವೆ. ಏನು ಕೇಳಲಿ?
– ಎರಡು ವರ್ಷದಿಂದ ದುಡ್ಡು ಕೂಡಿಟ್ಟವಳು

ಉತ್ತರ: ಎರಡು ವರ್ಷ ಕೂಡಿಟ್ಟಿದ್ದೀರಿ ತಾಯಿ, ಎರಡು ದಿನ ಕೇಳುವುದಕ್ಕೆ ನಾಚಬೇಡಿ. ಮೊದಲು ಆ ಫೋಟೊಗಳನ್ನು ಗೂಗಲ್‌ನ ಚಿತ್ರ ಹುಡುಕಾಟಕ್ಕೆ ಹಾಕಿ. ಬೇರೆ ನಾಲ್ಕು ಕಡೆ ಅದೇ ಫೋಟೊ ಸಿಕ್ಕರೆ ಅಲ್ಲಿಗೆ ಬಿಡಿ.

ಸಿಗದಿದ್ದರೆ ಒಂದು ಪುಟ್ಟ ಪರೀಕ್ಷೆ ಕೊಡಿ. ನೀವು ಹೇಳಿದ ಒಂದು ಪದವನ್ನು ಚೀಟಿಯಲ್ಲಿ ಕೈಯಿಂದ ಬರೆದು, ಕ್ಯಾಮೆರಾದ ಸೀರಿಯಲ್ ನಂಬರ್ ಪಕ್ಕ ಇಟ್ಟು ಫೋಟೊ ತೆಗೆಯಲು ಹೇಳಿ. ಚೀಟಿಯ ನೆರಳು, ಕ್ಯಾಮೆರಾದ ನೆರಳು ಒಂದೇ ಕಡೆ ಬೀಳುತ್ತಿವೆಯಾ ನೋಡಿ. ಅಂಟಿಸಿದ ಚೀಟಿ ಸಿಕ್ಕಿಬೀಳುವುದು ಅಲ್ಲೇ. ಈಗೀಗ ಚಿತ್ರವನ್ನೇ ಕಂಪ್ಯೂಟರ್ ಹೆಣೆದು ಕೊಡುತ್ತೆ, ಹಾಗಾಗಿ ಒಂದು ಸಣ್ಣ ವಿಡಿಯೊ ಇನ್ನೂ ಒಳ್ಳೆಯದು. ಲೆನ್ಸ್ ಕಳಚಿ, ಶಟರ್ ಹೊಡೆದು, ಮೆನು ತೆರೆದು, ನೀವು ಹೇಳಿದ ಪದವನ್ನು ಬಾಯಲ್ಲಿ ಹೇಳಲಿ. ಕ್ಯಾಮೆರಾ ಕೈಲಿರುವವನಿಗೆ ಇದು ಒಂದು ನಿಮಿಷದ ಕೆಲಸ.

ಕ್ಲಿಕ್ ಅಂದರೆ ಶಟರ್ ಎಷ್ಟು ಸಲ ತೆರೆದು ಮುಚ್ಚಿದೆ ಅನ್ನುವ ಲೆಕ್ಕ. ಅದಕ್ಕೆ, ಕ್ಯಾಮೆರಾದಿಂದ ನೇರ ಬಂದ ಒಂದು ಫೋಟೊ ಫೈಲ್ ಕೇಳಿ. ಕ್ಯಾಮೆರಾ ಫೋಟೊ ಜೊತೆಗೇ ಬರೆದಿಡುವ ವಿವರಕ್ಕೆ ಎಕ್ಸಿಫ್ ಅಂತಾರೆ, ನಿಕಾನ್ ಫೈಲಿನಲ್ಲಿ ಶಟರ್ ಎಣಿಕೆ ಅದರೊಳಗೆ ಕೂತಿರುತ್ತೆ. ವಾಟ್ಸಾಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಅದೆಲ್ಲ ದಾರಿಯಲ್ಲೇ ಉದುರಿಹೋಗುತ್ತೆ, ಮೇಲ್‌ನಲ್ಲಿ ಫೈಲ್ ಆಗಿಯೇ ಬರಬೇಕು. ಆ ಮೇಲ್ ಫೋಟೊಗೆ ಮಾತ್ರ, ವ್ಯಾಪಾರದ ಮಾತೆಲ್ಲ ಸೈಟಿನಲ್ಲೇ ಇರಲಿ. ಕ್ಯಾನನ್‌ನ ಹೆಚ್ಚಿನ ಮಾಡೆಲ್‌ಗಳಲ್ಲಿ ಈ ಲೆಕ್ಕ ಫೈಲಿನಲ್ಲಿ ಇರುವುದಿಲ್ಲ. ಡಿ850ರ ಶಟರನ್ನು ನಿಕಾನ್ ಪರೀಕ್ಷಿಸಿರುವುದು 2 ಲಕ್ಷ ಕ್ಲಿಕ್‌ಗೆ. ಕ್ಯಾನನ್ 5ಡಿ ಮಾರ್ಕ್ 4ಗೆ ಆ ಅಂಕಿ ಒಂದೂವರೆ ಲಕ್ಷ. ಅಷ್ಟಕ್ಕೇ ಸಾಯುತ್ತೆ ಅಂತಲ್ಲ, ದಾಟಿಯೂ ಓಡಿದವನ್ನು ನೋಡಿದ್ದೇನೆ. ಹಾಗಾಗಿ ನಲವತ್ತು ಸಾವಿರ ಕ್ಲಿಕ್ ಅಂತ ನಿಜ ಹೇಳಿದವನ ಕ್ಯಾಮೆರಾ, ಮೂರು ಸಾವಿರ ಅಂತ ಸುಳ್ಳು ಹೇಳಿದವನದಕ್ಕಿಂತ ಎಷ್ಟೋ ವಾಸಿ.

ನಾನು ಅಂಕಿಗಿಂತ ರಬ್ಬರನ್ನು ಜಾಸ್ತಿ ನಂಬುತ್ತೇನೆ. ಹಿಂಬದಿಯಲ್ಲಿ ಹೆಬ್ಬೆರಳು ಕೂರುವ ಜಾಗ ಇದೆಯಲ್ಲ, ಅದರ ಹತ್ತಿರದ ಫೋಟೊ ಕೇಳಿ. ವರ್ಷಗಟ್ಟಲೆ ಹಿಡಿದ ಕ್ಯಾಮೆರಾದಲ್ಲಿ ಅಲ್ಲಿನ ರಬ್ಬರು ನುಣುಪಾಗಿ ಹೊಳೆಯುತ್ತೆ, ಅಂಚು ಸ್ವಲ್ಪ ಎದ್ದಿರುತ್ತೆ. ಫ್ಲ್ಯಾಶ್ ಕೂರಿಸುವ ಜಾಗದ ಕಪ್ಪು ಬಣ್ಣ ತಿಂದುಹೋಗಿ ಲೋಹ ಕಾಣುತ್ತೆ. ಹೋದ ವರ್ಷ ಒಬ್ಬರು ‘ಎರಡು ಸಾವಿರ ಕ್ಲಿಕ್’ ಅಂತ ಕೊಂಡ ಕ್ಯಾಮೆರಾ ತಂದರು. ಲೆನ್ಸ್ ಕೂರುವ ಉಕ್ಕಿನ ಉಂಗುರದ ಮೇಲೆ ಹಾಕಿ ತೆಗೆದ ಗೀರುಗಳು ಬಳೆಯ ಹಾಗೆ ಸುತ್ತಿದ್ದವು. ಶಟರ್ ಬದಲಿಸಿ ಲೆಕ್ಕವನ್ನು ಸೊನ್ನೆಗೆ ತಂದಿದ್ದರು. ಶಟರ್ ಹೊಸದು, ಅದು ನಿಜ. ಉಳಿದದ್ದೆಲ್ಲ ಮುದುಕ.

ಸೀರಿಯಲ್ ನಂಬರ್ ಸಿಕ್ಕ ಮೇಲೆ ‘ಸ್ಟೋಲನ್‌ಕ್ಯಾಮೆರಾಫೈಂಡರ್’ ಸೈಟಿನಲ್ಲೂ ಹಾಕಿ ನೋಡಿ. ಕಳೆದುಕೊಂಡವರು ತಮ್ಮ ಕ್ಯಾಮೆರಾದ ನಂಬರ್ ಅಲ್ಲಿ ದಾಖಲಿಸುತ್ತಾರೆ.

ಪ್ರಶ್ನೆ: ಚಿನ್ನದ ಬಣ್ಣದ, ಹದ್ದಿನ ಗುರುತಿನ ಹಳೆಯ ಲೈಕಾ ಕ್ಯಾಮೆರಾ ಹರಾಜಿಗಿದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ವಾಯುಪಡೆಯವರು ಬಳಸಿದ್ದಂತೆ. ಲೈಕಾ ಕೋಟಿಗಟ್ಟಲೆಗೆ ಹೋಗುತ್ತವೆ ಅಂತ ಓದಿದ್ದೆ. ಇದು ಅಷ್ಟೇನೂ ದುಬಾರಿ ಅಲ್ಲ.

ಉತ್ತರ: ಕೋಟಿಗಟ್ಟಲೆಗೆ ಹೋದದ್ದು ನಿಜ. 2022ರಲ್ಲಿ ಜರ್ಮನಿಯ ವೆಟ್ಸ್‌ಲಾರ್‌ನಲ್ಲಿ ನಡೆದ ಹರಾಜಿನಲ್ಲಿ ಆಸ್ಕರ್ ಬಾರ್ನಾಕ್ ಅವರೇ ಬಳಸಿದ್ದ 105ನೇ ನಂಬರಿನ ಲೈಕಾ 1.44 ಕೋಟಿ ಯೂರೋಗೆ ಹೋಯಿತು. ಲೈಕಾವನ್ನು ರೂಪಿಸಿದ್ದೇ ಬಾರ್ನಾಕ್. ಅಂಥ ಸುದ್ದಿ ಬಂದಾಗಲೆಲ್ಲ ಚಿನ್ನದ ಲೈಕಾಗಳು ಅಟ್ಟದಿಂದ ಇಳಿಯತೊಡಗುತ್ತವೆ.

ನೀವು ನೋಡಿದ್ದು ಬಹುಮಟ್ಟಿಗೆ ಸೋವಿಯತ್ ಕ್ಯಾಮೆರಾ. 1934ರಿಂದ ಉಕ್ರೇನಿನ ಖಾರ್ಕಿವ್‌ನಲ್ಲಿ ಲೈಕಾವನ್ನು ನೋಡಿ ಫೆಡ್ ಅನ್ನುವ ಕ್ಯಾಮೆರಾ ಮಾಡುತ್ತಿದ್ದರು. ಯುದ್ಧದ ನಂತರ, 1948ರಲ್ಲಿ, ಮಾಸ್ಕೋ ಬಳಿಯ ಕ್ರಾಸ್ನೊಗೊರ್ಸ್ಕ್‌ನಿಂದ ಜೋರ್ಕಿ ಅನ್ನುವ ಕ್ಯಾಮೆರಾ ಬಂತು. ಎರಡೂ ಹೊರಗಿನಿಂದ ಹಳೆಯ ಲೈಕಾದ ತದ್ರೂಪು. ಲಕ್ಷಗಟ್ಟಲೆ ಇವೆ. ಇವುಗಳ ಮೇಲಿನ ಹೆಸರು ಉಜ್ಜಿ ತೆಗೆದು, ಲೈಕಾ ಅಂತ ಕೆತ್ತಿ, ಹದ್ದು ಕೂರಿಸಿ, ಹಿತ್ತಾಳೆ ಹೊಳಪು ಕೊಟ್ಟು ಮಾರುವುದು ಹಳೆಯ ಕಸುಬು.

ಗುರುತಿಸುವುದಕ್ಕೆ ನನಗೆ ಇಷ್ಟವಾದ ಜಾಗ ಒಂದಿದೆ. ಲೆನ್ಸು ಕಳಚಿ ಮುಂದಿನಿಂದ ಒಳಗೆ ನೋಡಿ, ಮೇಲ್ಭಾಗದಲ್ಲಿ ರೇಂಜ್‌ಫೈಂಡರಿನ (ದೂರ ಅಳೆದು ಫೋಕಸ್ ಮಾಡಿಸುವ ಭಾಗ) ಒಂದು ಸಣ್ಣ ತೋಳು ಚಾಚಿಕೊಂಡಿರುತ್ತೆ. ಲೆನ್ಸಿನ ಹಿಂಬದಿ ಅದನ್ನೇ ತಳ್ಳುವುದು. ನಿಜವಾದ ಲೈಕಾದಲ್ಲಿ ಆ ತೋಳಿನ ತುದಿಗೆ ಪುಟ್ಟ ಚಕ್ರ ಇರುತ್ತೆ, ಬೆರಳಿನಲ್ಲಿ ಮುಟ್ಟಿದರೆ ತಿರುಗುತ್ತೆ. ಫೆಡ್, ಜೋರ್ಕಿಯಲ್ಲಿ ಚಕ್ರ ಇಲ್ಲ, ನಾಲಿಗೆಯಂಥ ಒಂದು ಗಟ್ಟಿ ಲೋಹದ ತುಂಡು. ಹೊರಗಡೆ ಕೆತ್ತುವವರು ಇಲ್ಲಿಯವರೆಗೆ ಕೈ ಹಾಕುವುದು ಕಡಿಮೆ. ‘ಲೆನ್ಸ್ ತೆಗೆದು ಒಳಗಿನ ಫೋಟೊ ಕಳಿಸಿ’ ಅಂತ ಕೇಳಿ. ‘ಹಳೆಯದು, ತೆಗೆದರೆ ಹಾಳಾಗುತ್ತೆ’ ಅಂದರೆ ನಕ್ಕುಬಿಡಿ. ಅದು ಸ್ಕ್ರೂ ಲೆನ್ಸು, ಬಾಟಲಿ ಮುಚ್ಚಳದ ಹಾಗೆ ತಿರುಗಿಸಿದರೆ ಬರುತ್ತೆ.

ನನ್ನ ಹತ್ತಿರವೂ ಒಂದು ಇದೆ, ಜೋರ್ಕಿ ಅಂತ ಗೊತ್ತಿದ್ದೇ ಕೊಂಡದ್ದು. ಒಳ್ಳೆ ಫೋಟೊ ಬರುತ್ತೆ. ಜೋರ್ಕಿಯ ಬೆಲೆಗೆ ಸಿಕ್ಕರೆ ಧಾರಾಳವಾಗಿ ತಗೊಳ್ಳಿ.

ಪ್ರಶ್ನೆ: ಕ್ಯಾನನ್ 70-200 ಎಫ್ 2.8 ಲೆನ್ಸಿನ ಮೂರನೇ ಆವೃತ್ತಿಯನ್ನು ಪೇಪಾಲ್‌ನಲ್ಲಿ ಹಣ ಕೊಟ್ಟು ಕೊಂಡೆ. ಪಾರ್ಸೆಲ್ ತೆರೆದರೆ ಗೋಡೆಗೆ ಹಾಕುವ ಟೈಲ್ಸ್ ತುಂಡುಗಳು. ಮಾರಿದವನು ‘ಟ್ರ್ಯಾಕಿಂಗ್‌ನಲ್ಲಿ ತಲುಪಿದೆ ಅಂತಿದೆ, ನನ್ನ ಜವಾಬ್ದಾರಿ ಮುಗೀತು’ ಅಂತಾನೆ. ದೂರು ವಾಪಸ್ ತಗೊಂಡರೆ ಅರ್ಧ ಹಣ ಕೊಡುತ್ತೇನೆ ಅಂತಲೂ ಹೇಳುತ್ತಿದ್ದಾನೆ.

ಉತ್ತರ: ವಾಪಸ್ ತಗೋಬೇಡಿ. ಪೇಪಾಲಿನಲ್ಲಿ ಒಮ್ಮೆ ಮುಚ್ಚಿದ ದೂರನ್ನು ಮತ್ತೆ ತೆರೆಯಲು ಆಗುವುದಿಲ್ಲ. ಅರ್ಧ ಹಣವೂ ಬರುವುದಿಲ್ಲ, ಬರೆದಿಟ್ಟುಕೊಳ್ಳಿ. ಸುಮ್ಮನಾಗಿಸಿ ದಿನ ತಳ್ಳುವುದೂ ಅವರ ಲೆಕ್ಕಾಚಾರವೇ. ಪೇಪಾಲ್‌ನಲ್ಲಿ ಹಣ ಕೊಟ್ಟ ದಿನದಿಂದ 180 ದಿನದೊಳಗೆ ದೂರು ಕೊಡಬೇಕು, ಹರಾಜಿನ ಸೈಟಿನ ಗಡುವು ಇನ್ನೂ ಚಿಕ್ಕದಿರಬಹುದು. ಸಾಮಾನು ಬಂದಿಲ್ಲ ಅಂತ ಬರೆಯಬೇಡಿ, ಹೇಳಿದ ಸಾಮಾನಲ್ಲ ಅಂತ ಬರೆಯಿರಿ. ಬಂದಿಲ್ಲ ಅಂದರೆ ಅವನು ಟ್ರ್ಯಾಕಿಂಗ್ ತೋರಿಸಿ ಗೆದ್ದುಬಿಡುತ್ತಾನೆ.

ನಿಮ್ಮ ಕೈಲಿ ಒಂದು ಸಾಕ್ಷಿ ಇರಬಹುದು, ಪಾರ್ಸೆಲ್ ಲೇಬಲ್ಲಿನ ಮೇಲಿನ ತೂಕ. ಆ ಲೆನ್ಸು ಒಂದೇ 1480 ಗ್ರಾಂ. ಮುಚ್ಚಳ, ಚೀಲ, ಪೆಟ್ಟಿಗೆ ಸೇರಿದರೆ ಎರಡು ಕೆಜಿ ದಾಟಬೇಕು. ಲೇಬಲ್ ಮೇಲೆ 900 ಗ್ರಾಂ ಅಂತಿದ್ದರೆ ಕೊರಿಯರ್‌ನವರೇ ನಿಮ್ಮ ಪರ ಸಾಕ್ಷಿ ಹೇಳಿದಂತೆ. ಪೆಟ್ಟಿಗೆ, ಟೇಪು, ಟೈಲ್ಸು ಯಾವುದನ್ನೂ ಎಸೆಯಬೇಡಿ. ಇನ್ನು ಮುಂದೆ ದುಬಾರಿ ಪಾರ್ಸೆಲ್ ಬಂದರೆ ಲೇಬಲ್ ತೋರಿಸಿ, ತಕ್ಕಡಿಯ ಮೇಲಿಟ್ಟು, ಟೇಪ್ ಕತ್ತರಿಸುವುದರಿಂದ ಕೊನೆಯವರೆಗೆ ಕ್ಯಾಮೆರಾ ನಿಲ್ಲಿಸದೆ ವಿಡಿಯೊ ಮಾಡಿ.

ಪ್ರಶ್ನೆ: ‘ಕ್ಯಾಮೆರಾ ಪೆಟ್ಟಿಗೆ, ಹೊಸದು’ ಅಂತ ಇತ್ತು. ಗೆದ್ದೆ. ಬರೀ ಖಾಲಿ ಪೆಟ್ಟಿಗೆ ಬಂತು!

ಉತ್ತರ: ವಿವರಣೆಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಪೆಟ್ಟಿಗೆ ಮಾತ್ರ’ ಅಂತಿದೆ, ಈಗ ಓದಿದಿರಿ ತಾನೇ. ಆದರೂ ದೂರು ಕೊಡಿ. ಅದನ್ನು ಕ್ಯಾಮೆರಾಗಳ ವಿಭಾಗದಲ್ಲಿ, ಕ್ಯಾಮೆರಾ ಫೋಟೊ ಹಾಕಿ ಮಾರಿದ್ದಾರೆ. ದಾರಿ ತಪ್ಪಿಸಲೆಂದೇ ಬರೆದದ್ದು ಅಂತ ಅದು ಹೇಳುತ್ತೆ.

ಪ್ರಶ್ನೆ: ಹರಾಜಿನಲ್ಲಿ 512 ಜಿಬಿ ಮೆಮೊರಿ ಕಾರ್ಡ್ ಅಗ್ಗಕ್ಕೆ ಸಿಕ್ಕಿದೆ. ಕ್ಯಾಮೆರಾದಲ್ಲಿ ಹಾಕಿದರೆ 512 ಅಂತಲೇ ತೋರಿಸುತ್ತೆ. ಹಾಗಾದರೆ ಅಸಲಿ ಅಲ್ವಾ?

ಉತ್ತರ: ಕಾರ್ಡ್ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದನ್ನು ಕ್ಯಾಮೆರಾ ತೋರಿಸುತ್ತೆ, ಅಷ್ಟೆ. ಒಳಗೆ 32 ಜಿಬಿಯ ಚಿಪ್ ಇಟ್ಟು 512 ಅಂತ ಸುಳ್ಳು ಹೇಳಿಸಿದ ಕಾರ್ಡುಗಳು ಬೇಕಾದಷ್ಟಿವೆ. ಮೊದಲ 32 ಜಿಬಿ ಸರಿಯಾಗಿ ತುಂಬುತ್ತೆ, ಆಮೇಲಿನ ಫೋಟೊಗಳೆಲ್ಲ ಗಾಳಿಗೆ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಮ್ಯಾಕ್ ಅಥವಾ ಲಿನಕ್ಸ್‌ನಲ್ಲಿ ಎಫ್3 ಅನ್ನುವ ಪುಕ್ಕಟೆ ತಂತ್ರಾಂಶ ಇದೆ. ಕಾರ್ಡಿನ ತುದಿಯವರೆಗೆ ಬರೆದು, ಮತ್ತೆ ಓದಿ, ಎಷ್ಟು ಉಳಿಯಿತು ಅಂತ ಹೇಳುತ್ತೆ. ಕಾರ್ಡಿನಲ್ಲಿ ಫೋಟೊ ಇದ್ದರೆ ಮೊದಲು ಬೇರೆ ಕಡೆ ತೆಗೆದಿಟ್ಟುಕೊಳ್ಳಿ. 512 ಜಿಬಿಗೆ ಗಂಟೆಗಟ್ಟಲೆ ಹಿಡಿಯುತ್ತೆ, ರಾತ್ರಿ ಹಾಕಿ ಮಲಗಿಬಿಡಿ.